ಶೇಖಮ್ಮ ಬರೆಯದೆ ಬಿಟ್ಟ ಹೆಸರು

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಶೇಖಮ್ಮ ಬ್ಲೌಸು ಹೊಲಿಯುವುದರಲ್ಲಿ ಅಂಥ ನಿಪುಣಳೇನಲ್ಲ. ತೋಳು ಬಿಗಿಯಾಯಿತೆಂದು ತಕರಾರು ತರುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ನೀವೇ ದಪ್ಪ ಆಗಿದ್ದೀರಿ ಎಂದು ಅವರನ್ನು ವಾಪಸು ಕಳಿಸುತ್ತಾಳೆ. ಪದಬಂಧದ ವಿಷಯಕ್ಕೆ ಬಂದರೆ ಮಾತ್ರ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಕಡೆ ಆಕೆಯ ಮುಂದೆ ನಿಲ್ಲುವವರನ್ನು ನಾನು ಕಂಡಿಲ್ಲ. ನಾನೂ ಬಿಡಿಸುವವನೇ ಆದ್ದರಿಂದ ಈ ಮಾತನ್ನು ಅಷ್ಟೇನೂ ಖುಷಿಯಿಂದ ಹೇಳುತ್ತಿಲ್ಲ.

ಆಕೆಗೆ ಈ ಹುಚ್ಚು ಹಿಡಿದದ್ದು ಸಿಂಧನೂರಿನ ಹತ್ತಿರದ, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ. ಮದುವೆಗೆ ಮುಂಚೆ ಅಲ್ಲಿನ ಬಂಗಾಳಿ ಹೆಂಗಸೊಬ್ಬರ ಬಳಿ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆಗೆ ಹಳೆಯ ಪೇಪರು ಕತ್ತರಿಸಬೇಕಿತ್ತು. ಪೇಪರಿನಲ್ಲಿ ಖಾಲಿ ಪದಬಂಧ ಕಂಡರೆ ಅದನ್ನು ತುಂಬಿಸಿಯೇ ಕತ್ತರಿಸುತ್ತಿದ್ದಳಂತೆ. ಶಾಲೆ ಮೂರನೇ ಇಯತ್ತೆಗೇ ನಿಂತಿತ್ತು. ಹಾಗಾಗಿ ಇಂದಿಗೂ ಪ್ರತಿ ಅಕ್ಷರವನ್ನು ಬಾಯಲ್ಲಿ ಅಂದುಕೊಂಡೇ ಬರೆಯುತ್ತಾಳೆ.

ನನ್ನದು ಲಿಂಗಸುಗೂರಿನಲ್ಲಿ ಕಚೇರಿಗಳ ಎದುರು ಝೆರಾಕ್ಸ್ ಅಂಗಡಿ. ಒಂದು ವಾರಪತ್ರಿಕೆ ಪ್ರತಿವರ್ಷ ಯುಗಾದಿ ಸಂಚಿಕೆಯಲ್ಲಿ ಮಹಾಪದಬಂಧ ಎಂದು ಹಾಕುತ್ತದೆ. ಅದರ ಸುಳಿವುಗಳು ನೇರವಾಗಿ ಏನನ್ನೂ ಹೇಳುವುದಿಲ್ಲ. ‘ಹಣ್ಣು ಹಿಂಡಿದಾಗ ಬಂದದ್ದನ್ನು ತಿರುಗಿಸಿ ಕೊರಳಿಗೆ ಹಾಕಿಕೊಳ್ಳಿ’ ಎಂದಿದ್ದರೆ ರಸವನ್ನು ತಿರುವಿ ಸರ ಎಂದು ಬರೆಯಬೇಕು. ಜೊತೆಗೆ ಇಡೀ ಪದಬಂಧದೊಳಗೆ ಒಂದು ಕಥೆ ಅಡಗಿರುತ್ತದೆ, ಅದನ್ನೂ ಹಿಡಿಯಬೇಕು. ಎಲ್ಲ ಸರಿ ಬರೆದವರ ಹೆಸರನ್ನು ಊರಿನೊಂದಿಗೆ ಅಚ್ಚು ಮಾಡುತ್ತಾರೆ, ಅದೇ ಬಹುಮಾನ. ಒಂದು ವರ್ಷ ನನ್ನ ಹೆಸರು ಬಂದಾಗ, ಲಿಂಗಸುಗೂರಿನ ಈ ಶಿವಕಾಂತ ಯಾರೆಂದು ಶೇಖಮ್ಮ ಕಂಡಕ್ಟರ್ ಮಕ್ತುಮ್‌ಸಾಬರ ಕೈಯಲ್ಲಿ ವಿಚಾರಿಸಿ ನನ್ನ ಫೋನ್ ನಂಬರು ತರಿಸಿಕೊಂಡಳು. ಅಲ್ಲಿಂದ ನಮ್ಮ ಪರಿಚಯ.

ಇಷ್ಟು ಬುದ್ಧಿವಂತೆಯ ಹೆಸರು ಪಟ್ಟಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಕಾರಣ ಗೊತ್ತಾದದ್ದು ಹೋದ ವರ್ಷ. ಎಲ್ಲವನ್ನೂ ತುಂಬಿ, ಭೀಮಾ ನದಿಯ ಹೆಸರು ಬರಬೇಕಾದ ಎರಡು ಮನೆಗಳನ್ನು ಮಾತ್ರ ಖಾಲಿ ಬಿಟ್ಟು ಕಳಿಸಿದ್ದಳು. ಹಿಂದಿನ ವರ್ಷಗಳಲ್ಲೂ ಎಲ್ಲೋ ಒಂದು ಕಡೆ ಆ ಹೆಸರೇ ಅಡ್ಡ ಬಂದಿತ್ತಂತೆ. ಆಕೆಯ ಗಂಡನ ಹೆಸರು ಭೀಮಣ್ಣ. ನಮ್ಮ ಕಡೆ ಹಳೆಯ ಪದ್ಧತಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಶೇಖಮ್ಮ ಆ ಹೆಸರು ಹೊಕ್ಕ ನದಿ, ದೇವರು, ಪಕ್ಕದ ಮನೆಯ ಕೂಸು ಯಾವುದನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಬರೆಯುವುದು ಹೇಳಿದಂತಲ್ಲವಲ್ಲ ಎಂದು ನಾನು ವಾದ ಮಾಡಿದೆ. ಬರೆಯುವಾಗ ಬಾಯಲ್ಲಿ ಬಂದೇ ಬರುತ್ತದಲ್ಲ ಎಂದಳು. ಹಾಗಾದರೆ ಪಟ್ಟಿಯ ಆಸೆ ಬಿಡು ಎಂದೆ.

“ಅದನ್ನ ಹೆಂಗ ಬಿಡ್ಲಿ ಅಣ್ಣಾರ?” ಎಂದಳು. “ರೇಷನ್ ಕಾರ್ಡಿನಾಗ, ವೋಟಿನ ಪಟ್ಟಿಯಾಗ ನನ್ನ ಹೆಸರಿನ ಬೆನ್ನಿಗೆ ಅವರ ಹೆಸರು ಅಂಟಿಕೊಂಡೇ ಇರತೈತಿ. ಅಂಗಡಿ ಬೋರ್ಡಿಗೆ ಮಗಳ ಹೆಸರು. ಆ ಪುಸ್ತಕದಾಗ ಒಂದು ಹೆಸರು, ಒಂದು ಊರು, ಅಷ್ಟೇ ಇರತೈತಿ ನೋಡ್ರಿ. ಅದು ಬೇಕು ನನಗ.”

ಈ ವರ್ಷದ ಮಹಾಪದಬಂಧ ನನ್ನ ತಲೆ ತಿಂದಿತು. ‘ಬಕನ ಬಂಡಿ ಅನ್ನ ಉಂಡವನು’ ಎಂದರೆ ಭೀಮ, ಎರಡೇ ಅಕ್ಷರ, ಆದರೆ ಅಲ್ಲಿ ಮೂರು ಮನೆ. ಧರ್ಮರಾಯನಿಗೆ ಎರಡೇ ಮನೆ. ಅರ್ಜುನನಿಗೆ ಒಂದು ಮನೆ ಹೆಚ್ಚು. ನಕುಲ, ಸಹದೇವ, ದ್ರೌಪದಿ ಲೆಕ್ಕಕ್ಕೆ ಕೂಡುತ್ತಿದ್ದರು, ಆದರೆ ಅವರನ್ನು ಕೂಡಿಸಿದರೆ ಅಡ್ಡ ಹಾಯುವ ಪದಗಳು ಕೆಡುತ್ತಿದ್ದವು. ಪತ್ರಿಕೆಯವರು ಚೌಕ ಹಾಕುವಾಗಲೇ ತಪ್ಪಿದ್ದಾರೆಂದು ನಾಲ್ಕು ದಿನ ಅವರನ್ನು ಬೈದೆ. ಆಮೇಲೆ ಮಾನ ಬಿಟ್ಟು ಮಸ್ಕಿಗೆ ಫೋನು ಹಚ್ಚಿದೆ.

“ಅವರೆಲ್ಲ ಹೆಸರು ಹೇಳಬಾರದ ವರ್ಷದಾಗ ಅದಾರ್ರಿ,” ಎಂದಳು ಶೇಖಮ್ಮ. “ಹೇಳಬಾರದ ಹೆಸರಿದ್ರ ನಾವೇನು ಮಾಡ್ತೀವಿ? ಬ್ಯಾರೆ ಹೆಸರಿಲೆ ಕರೀತೀವಿ.”

ಅಜ್ಞಾತವಾಸ. ಭೀಮನ ಜಾಗದಲ್ಲಿ ಅಡುಗೆಯ ವಲಲ, ಧರ್ಮರಾಯನ ಜಾಗದಲ್ಲಿ ಕಂಕ, ಅರ್ಜುನನ ಜಾಗದಲ್ಲಿ ಬೃಹನ್ನಳೆ. ಬರೆಯುತ್ತಾ ಹೋದಂತೆ ಎಲ್ಲವೂ ತಂತಮ್ಮ ಮನೆಗಳಲ್ಲಿ ಕುಳಿತವು. ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ನಿನಗೆ ಯಾವಾಗ ಹೊಳೆಯಿತು ಎಂದು ಕೇಳಬಾರದಿತ್ತು, ಕೇಳಿದೆ. ಓದಿದ ಕೂಡಲೇ ಎಂದಳು.

ಆದರೆ ಕೊನೆಯಲ್ಲಿ ಒಂದು ಸೂಚನೆ ಇತ್ತು. ಬಣ್ಣ ತುಂಬಿದ ಮನೆಗಳಲ್ಲಿ ಅಡಗಿರುವವನ ನಿಜವಾದ ಹೆಸರನ್ನು ಚೌಕದ ಕೆಳಗಿನ ಎರಡು ಮನೆಗಳಲ್ಲಿ ಬರೆಯಬೇಕು. ಬಣ್ಣ ತುಂಬಿದ್ದು ವಲಲನ ಮನೆಗಳಿಗೆ. ಉತ್ತರವೆಲ್ಲ ಸ್ವಂತ ಕೈಬರಹದಲ್ಲೇ ಇರಬೇಕೆಂದೂ ಹಾಕಿದ್ದರು. ಈ ವರ್ಷವೂ ಎರಡು ಮನೆ ಖಾಲಿ ಹೋಗುತ್ತವೆಂದು ನಾನು ಖಾತ್ರಿ ಮಾಡಿಕೊಂಡೆ. ನೋಡೇ ಬಿಡೋಣ ಎಂದು ಮಸ್ಕಿಯ ಬಸ್ಸು ಹತ್ತಿದೆ.

ಅಂಗಡಿಯ ಹಿಂದೆಯೇ ಅವರ ಮನೆ. ಅತ್ತೆ ಗದ್ದೆಮ್ಮ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಳು. ಮುದುಕಿಗೆ ಪದಬಂಧವೆಂದರೆ ಪೇಪರು ಹಾಳು ಮಾಡುವ ಕೆಲಸ, ಆದರೆ ಸೊಸೆ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ ಎಂಬುದು ಕಣ್ಣಿಗೆ ಬಿದ್ದಿತ್ತು. ಏನು ತೊಡಕೆಂದು ನನ್ನಿಂದ ತಿಳಿದುಕೊಂಡಳು. ಸಣಕಲು ಮೈಯನ್ನು ಎತ್ತಿಕೊಂಡು ಎದ್ದು, ಸೊಸೆಯನ್ನು ಹೊರಗೆ ಕಳಿಸಿ, ಹೊಸ್ತಿಲ ಮೇಲೆ ಕೈ ಅಡ್ಡ ಇಟ್ಟು ನಿಂತಳು. ಹೊಸ ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಹೀಗೆಯೇ ನಿಲ್ಲುತ್ತಾರೆ. ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಪ್ರಾಸದ ಸಾಲುಗಳಲ್ಲಿ, ಕಟ್ಟಿ ಹೇಳಿದರೆ ಮಾತ್ರ ಒಳಗೆ ಬಿಡುವುದು. ಹೀಗೆ ಕೇಳಿದಾಗ ಹೇಳಿದರೆ ತಪ್ಪಿಲ್ಲ.

“ಹೆಸರು ಹೇಳಿ ಒಳಗ ಬಾ,” ಎಂದಳು ಗದ್ದೆಮ್ಮ.

ಮೊಮ್ಮಕ್ಕಳು ಕಾಣುವ ವಯಸ್ಸಿನ ಶೇಖಮ್ಮ ಸೆರಗು ತಲೆಗೆ ಎಳೆದುಕೊಂಡಳು. ಮುಖ ಕೆಂಪಾಗಿತ್ತು. ಅಕ್ಕಪಕ್ಕದವರೂ ಬಂದು ನಿಂತರು.

“ಕಾಲುವಿ ನೀರು ಗದ್ದಿಗೆ ಚಂದ, ಗದ್ದಿ ಭತ್ತ ಕಣಕ್ಕ ಚಂದ, ಖಾಲಿ ಉಳಿದ ಎರಡು ಮನಿಗೆ ಭೀಮಣ್ಣನ ಹೆಸರು ಚಂದ.”

ಹೇಳಿದವಳೇ ಅತ್ತೆಯ ತೋಳಿನ ಕೆಳಗೆ ನುಸುಳಿ ಒಳಗೆ ಹೋಗಿ, ಬಾಯಲ್ಲಿ ಹೆಸರು ಆರುವ ಮೊದಲೇ ಬರೆದುಬಿಟ್ಟಳು. ಹೆಂಗಸರು ನಕ್ಕರು. ನನಗೂ ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ.

ಪಟ್ಟಿ ಬಂದದ್ದು ಮುಂದಿನ ತಿಂಗಳು. ನನ್ನ ಹೆಸರಿತ್ತು. ಅದರ ಕೆಳಗೆ ‘ಭೀಮಣ್ಣ, ಮಸ್ಕಿ’ ಎಂದಿತ್ತು. ಎರಡು ಸಲ ಓದಿದೆ. ಅಂಗಡಿ ಮುಚ್ಚಿ ಬಸ್ಸು ಹಿಡಿದೆ.

ಶೇಖಮ್ಮ ಪತ್ರಿಕೆಯನ್ನು ಮಷಿನ್ನಿನ ಮೇಲೆ ಹರಡಿ ಕುಳಿತಿದ್ದಳು. ಗಂಜ್ ಮಾರುಕಟ್ಟೆಯಲ್ಲಿ ಕಾಳು ತೂಗುವ ಕೆಲಸದ ಭೀಮಣ್ಣ ಮಧ್ಯಾಹ್ನದ ಊಟಕ್ಕೆ ಬಂದಿದ್ದ, ಖುಷಿಯಲ್ಲಿದ್ದ. ಬೆಳಗಿನಿಂದ ಇಬ್ಬರು ದಲಾಲರು ನೀ ಭಾರಿ ಶಾಣ್ಯಾ ಎಂದು ಚಹಾ ಕುಡಿಸಿದ್ದರಂತೆ. ಪತ್ರಿಕೆಯ ನಿಯಮದಂತೆ ಹೆಸರು, ವಿಳಾಸ ಪಾಕೀಟಿನ ಹೊರಗೆ ಮಾತ್ರ ಇರಬೇಕಿತ್ತು. ಪೋಸ್ಟಿಗೆ ಹಾಕಲು ಹೋದವನು ಅವನು. ಕಳಿಸುವವರು ಯಾರು ಎಂದು ಪೋಸ್ಟಿನವರು ಕೇಳಿದ್ದಕ್ಕೆ ಮನೆಯ ಎಲ್ಲ ಕಾಗದಕ್ಕೂ ಬರೆಯುವ ಹೆಸರನ್ನೇ ಬರೆದಿದ್ದ.

“ಮನಿ ಅಂದ ಮ್ಯಾಲೆ ನನ್ನ ಹೆಸರು ಬ್ಯಾರೆ, ಆಕಿ ಹೆಸರು ಬ್ಯಾರೆ ಏನ್ರಿ?” ಎಂದು ನನ್ನನ್ನೇ ಕೇಳಿದ. ಕೇಡು ಬಗೆದವನಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಶೇಖಮ್ಮ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟಳು.

“ಭೀಮಣ್ಣ,” ಎಂದಳು.

ಒಡಪು ಇರಲಿಲ್ಲ, ಹೊಸ್ತಿಲಲ್ಲಿ ಯಾರೂ ನಿಂತಿರಲಿಲ್ಲ. ಗಿರಾಕಿಯನ್ನು ಕರೆಯುವಂತೆ ಸಾದಾ ದನಿಯಲ್ಲಿ ಅಂದಳು. ಗದ್ದೆಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಭೀಮಣ್ಣ ಬೇರೆ ಯಾರನ್ನೋ ಕರೆದಳೆಂಬಂತೆ ಹಿಂದೆ ತಿರುಗಿ ನೋಡಿದ.

“ಭೀಮಣ್ಣ, ಪೆನ್ನು ತಗೋರಿ. ಪತ್ರಿಕಿಯವರಿಗೆ ಬರೀರಿ. ಬಿಡಿಸಿದಾಕಿ ಶೇಖಮ್ಮ, ಊರು ಮಸ್ಕಿ. ಅಷ್ಟೇ ಬರೀರಿ, ಮತ್ತೇನೂ ಕೂಡಿಸಬ್ಯಾಡ್ರಿ.”

ಅವನು ತಾಯಿಯ ಮುಖ ನೋಡಿದ. ಆಕೆ ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದಳು. ಅವನು ಗಿರಾಕಿಗಳ ಸ್ಟೂಲು ಎಳೆದುಕೊಂಡು ಕುಳಿತು, ಹೆಂಡತಿ ಹೇಳಿದಷ್ಟನ್ನೇ ಬರೆದ.