ಬಿಸಿಯಾದರೆ ಹೇಳಬೇಕು

ಅಕ್ಕನ ಕೈಗಳ ಬಗ್ಗೆ ಅವಳ ಅತ್ತೆಗೆ ಬಹಳ ಹೆಮ್ಮೆ. ಕುದಿಯುವ ಗಂಜಿಯ ಪಾತ್ರೆಯನ್ನು ಅವಳು ಬಟ್ಟೆ ಹಿಡಿಯದೆ ಒಲೆಯಿಂದ ಇಳಿಸುತ್ತಿದ್ದಳು. "ನಮ್ಮ ಸೊಸೆಗೆ ಬಿಸಿಯೇ ತಾಗುದಿಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ತಾಗುತ್ತಿತ್ತು. ಪಾತ್ರೆ ಇಳಿಸಿದ ಮೇಲೆ ಅವಳು ಹಿತ್ತಲಿಗೆ ಹೋಗಿ ತಣ್ಣೀರಿನ ಬಾಲ್ದಿಯಲ್ಲಿ ಬೆರಳು ಅದ್ದಿಕೊಂಡು ನಿಲ್ಲುವುದನ್ನು ನಾನು ನೋಡಿದ್ದೇನೆ.

ನಾವು ಕಾಸರಗೋಡಿನವರು. ಭಾವನಿಗೆ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕೆಲಸ, ಉಳ್ಳೂರಿನ ಹತ್ತಿರ ಬಾಡಿಗೆ ಮನೆ. ಮನೆಯಲ್ಲಿ ಅವರಿಬ್ಬರು, ಅತ್ತೆ, ಒಬ್ಬಳು ಮಗಳು. ನಾನು ಕೊಚ್ಚಿಯ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಉಪಸಂಪಾದಕ. ಎಪ್ಪತ್ತರ ದಶಕದ ಕೊನೆಯಲ್ಲಿ ಅಕ್ಕನಿಗೆ ಸ್ತನದ ಕ್ಯಾನ್ಸರ್ ಆಯಿತು. ಶಸ್ತ್ರಚಿಕಿತ್ಸೆ ಮಾಡಿದರು. ಎರಡನೆಯ ವರ್ಷ ಹಳೆಯ ಗಾಯದ ಪಕ್ಕದಲ್ಲೇ ಮತ್ತೆ ಗಂಟು ಕಾಣಿಸಿತು. ಬರಿಯ ವಿಕಿರಣಕ್ಕೆ ಅದು ಕರಗಲಿಲ್ಲ.

ಆಗ ಒಬ್ಬ ಡಾಕ್ಟರು ಬಿಸಿಯ ವಿಷಯ ಎತ್ತಿದರು. ವಿದೇಶದ ಪತ್ರಿಕೆಗಳಲ್ಲಿ ಓದಿದ್ದರು, ಕೆಲವೇ ರೋಗಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಭಾವನ ಮೇಲಧಿಕಾರಿಯೊಬ್ಬರ ಶಿಫಾರಸಿನಿಂದ ಅಕ್ಕನಿಗೆ ಜಾಗ ಸಿಕ್ಕಿತು. ಡಾಕ್ಟರು ನನಗೆ ವಿವರಿಸಿದ್ದು ಇಷ್ಟು: ಒಳ್ಳೆಯ ಮಾಂಸದಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ, ಬಿಸಿಯಾದರೆ ರಕ್ತವೇ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಂಟಿನೊಳಗಿನ ರಕ್ತನಾಳಗಳು ಅಡ್ಡಾದಿಡ್ಡಿ, ಅಲ್ಲಿ ಬಿಸಿ ಉಳಿದುಬಿಡುತ್ತದೆ. ನಲವತ್ತಮೂರು ಡಿಗ್ರಿಯ ಹತ್ತಿರ ಸ್ವಲ್ಪ ಹೊತ್ತು ಇಟ್ಟರೆ ಅದರ ಜೀವಕೋಶಗಳು ಸೋಲುತ್ತವೆ, ವಿಕಿರಣದ ಪೆಟ್ಟನ್ನು ರಿಪೇರಿ ಮಾಡಿಕೊಳ್ಳಲಾರವು. ಅದಕ್ಕಿಂತ ಮೇಲೆ ಹೋದರೆ ಒಳ್ಳೆಯ ಚರ್ಮವೂ ಸುಡುತ್ತದೆ. ದಿನಾ ಕೊಡುವಂತಿಲ್ಲ, ಒಮ್ಮೆ ಬಿಸಿ ತಿಂದು ಬದುಕಿದ ಜೀವಕೋಶ ಕೆಲವು ದಿನ ಬಿಸಿಗೆ ಗಟ್ಟಿಯಾಗಿಬಿಡುತ್ತದೆ.

ಬೆನ್ನುನೋವಿನವರಿಗೆ ಶಾಖ ಕೊಡುವ ಯಂತ್ರವನ್ನೇ ಹೊಂದಿಸಿಕೊಂಡಿದ್ದರು. ಉಷ್ಣತೆ ಅಳೆಯಲು ಒಂದು ಸೂಜಿ. ಅದು ಚುಚ್ಚಿದ ಜಾಗದ ಲೆಕ್ಕ ಮಾತ್ರ ಹೇಳುತ್ತಿತ್ತು. ಒಂದು ಅಂಗುಲ ಆಚೆ ಏನಾಗುತ್ತಿದೆ ಎಂದು ಹೇಳಬೇಕಾದವಳು ರೋಗಿಯೇ. ಡಾಕ್ಟರು ಇದನ್ನು ಮೊದಲ ದಿನವೇ ಹೇಳಿದ್ದರು. "ಸಹಿಸಿಕೊಳ್ಳಬೇಡಿ. ಬಿಸಿಯಾದರೆ ಹೇಳಬೇಕು. ನಾನು ಕಡಿಮೆ ಮಾಡುತ್ತೇನೆ, ಅಷ್ಟೇ. ನಿಲ್ಲಿಸುವುದಿಲ್ಲ."

ಭಾವ ಅದನ್ನು ಅಕ್ಕನಿಗೆ ಕನ್ನಡದಲ್ಲಿ ತಿಳಿಸಿ ಹೇಳಿದ. ಕೊನೆಗೆ ತನ್ನದೊಂದು ಮಾತು ಸೇರಿಸಿದ. "ಅವರು ಉಪಕಾರ ಮಾಡ್ತಿದ್ದಾರೆ, ಗೊತ್ತುಂಟಲ್ಲ? ಸುಮ್ಮನೆ ರಗಳೆ ಮಾಡಿ ನನ್ನ ಮರ್ಯಾದೆ ತೆಗೀಬೇಡ."

ಅಕ್ಕ ತಲೆಯಾಡಿಸಿದಳು.

ಪರದೆಯ ಆಚೆ ಅವಳು ಮಲಗಿರುತ್ತಿದ್ದಳು, ಈಚೆ ಬೆಂಚಿನ ಮೇಲೆ ಭಾವ. ನರ್ಸ್ ಮತ್ತೆ ಮತ್ತೆ ಮಲಯಾಳದಲ್ಲಿ ಕೇಳುತ್ತಿದ್ದಳು, "ಚೇಚಿ, ಚೂಡುಂಡೋ?" ಅಕ್ಕಾ, ಬಿಸಿ ಆಗುತ್ತಿದೆಯಾ ಎಂದು. ಅಕ್ಕನದು ಒಂದೇ ಉತ್ತರ, ಇಲ್ಲ. ಇಂಥ ರೋಗಿಯನ್ನು ಕಂಡೇ ಇಲ್ಲ ಎಂದು ನರ್ಸ್ ಭಾವನಿಗೆ ಹೇಳಿದಳು. ಅವನು ಅದನ್ನು ಮನೆಗೆ ತಂದು ತನ್ನ ಅಮ್ಮನಿಗೆ ಒಪ್ಪಿಸಿದ.

ಗಂಟು ಕುಗ್ಗುತ್ತಿತ್ತು. ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ನಾಲ್ಕನೆಯ ಸಲದ ಹೊತ್ತಿಗೆ ಅರ್ಧಕ್ಕಿಂತ ಸಣ್ಣದಾಗಿತ್ತು.

ಆ ವಾರ ನಾನು ರಜೆ ಹಾಕಿ ಹೋಗಿದ್ದೆ. ಅಕ್ಕ ತೆಂಗಿನಕಾಯಿ ತುರಿಯುತ್ತಿದ್ದಳು, ಎಡಗೈಯನ್ನು ಪಕ್ಕೆಗೆ ತಾಗದ ಹಾಗೆ ಹಿಡಿದಿದ್ದಳು.

"ಎಂತ ಆಯ್ತು?"

"ಎಂತ ಇಲ್ಲ ಮಾರಾಯ. ಹಳೆ ಗಾಯದ ಅಂಚಿನಲ್ಲಿ ಸ್ವಲ್ಪ ಉರಿ. ಕೆಂಡ ಇಟ್ಟ ಹಾಗೆ."

"ಡಾಕ್ಟ್ರಿಗೆ ಹೇಳಿದ್ಯಾ?"

"ಹೇಳಿದ್ರೆ ನಿಲ್ಲಿಸಿಬಿಡ್ತಾರೆ. ನಿನ್ನ ಭಾವ ಎಷ್ಟು ಜನರ ಕಾಲು ಹಿಡಿದಿದ್ದಾರೆ! ನೀನು ಬಾಯಿ ಹಾಕ್ಬೇಡ."

ನಾನು ಬಾಯಿ ಹಾಕಿದೆ. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆ ನೇರವಾಗಿ ಹೇಳಿದೆ. ಅವರು ಗಾಬರಿಯಾಗಿ ಅಕ್ಕನನ್ನು ಕೇಳಿದರು. ಭಾವ ಅಲ್ಲೇ ನಿಂತಿದ್ದ. ಅಕ್ಕ ನನ್ನ ಕಡೆ ನೋಡದೆ ನಕ್ಕು, ಅಂಥದ್ದೇನೂ ಇಲ್ಲ, ತಮ್ಮನಿಗೆ ಹೆದರಿಕೆ ಜಾಸ್ತಿ ಎಂದಳು. ಡಾಕ್ಟರು ನರ್ಸನ್ನು ಕಳಿಸಿ ಚರ್ಮ ನೋಡಿಸಿದರು. ಸ್ವಲ್ಪ ಕೆಂಪು ಅಷ್ಟೇ, ಎಲ್ಲರಿಗೂ ಇರುತ್ತದೆ ಎಂದು ವರದಿ ಬಂತು. ಸುಡುತ್ತಿದ್ದದ್ದು ಚರ್ಮದ ಕೆಳಗೆ, ಹಳೆಯ ಗಾಯದ ಗೆರೆಯಲ್ಲಿ. ಅಲ್ಲಿಯೂ ರಕ್ತ ಸರಿಯಾಗಿ ಹರಿಯುವುದಿಲ್ಲ, ಗಂಟಿನಲ್ಲಿ ಉಳಿದ ಹಾಗೆಯೇ ಬಿಸಿ ಅಲ್ಲಿಯೂ ಉಳಿಯುತ್ತದೆ. ಇದನ್ನು ಡಾಕ್ಟರು ನನಗೆ ಹೇಳಿದ್ದು ಆಮೇಲೆ.

ಹೊರಗೆ ಬಂದಾಗ ಭಾವ ಹೇಳಿದ, "ಪೇಪರಿನವರಿಗೆ ಎಲ್ಲಿ ಹೋದ್ರೂ ಒಂದು ಸುದ್ದಿ ಬೇಕು, ಅಲ್ವಾ?"

ಐದನೆಯ ಸಲದ ನಂತರ ಗಾಯದ ಗೆರೆ ಬೊಬ್ಬೆಯೆದ್ದು ಒಡೆಯಿತು. ಕೀವಾಯಿತು. ಹಸಿ ಗಾಯದ ಮೇಲೆ ಬಿಸಿಯೂ ಇಲ್ಲ, ವಿಕಿರಣವೂ ಇಲ್ಲ. ಗಾಯ ಮಾಯಲು ವಾರಗಳು ಹಿಡಿದವು. ಅಷ್ಟರಲ್ಲಿ ಗಂಟು ಮೊದಲಿಗಿಂತ ದೊಡ್ಡದಾಗಿ ಬೆಳೆದಿತ್ತು. ಡಾಕ್ಟರು ಅಕ್ಕನ ಮಂಚದ ಪಕ್ಕ ಕುಳಿತು, ಯಾಕೆ ಹೇಳಲಿಲ್ಲ ಎಂದು ಕೇಳಿದರು. ಅವಳು ಭಾವನ ಮುಖ ನೋಡಿದಳು. ಅವನೇ ಉತ್ತರಿಸಿದ, "ಇವಳಿಗೆ ಸಹನೆ ಜಾಸ್ತಿ ಸಾರ್." ಡಾಕ್ಟರು ಎದ್ದು ಹೋದರು.

ಮುಂದಿನ ಮಳೆಗಾಲ ಮುಗಿಯುವ ಮೊದಲೇ ಅಕ್ಕ ತೀರಿಕೊಂಡಳು. ಬಂದವರೆಲ್ಲ ಅದನ್ನೇ ಹೇಳಿದರು: ಒಂದು ದಿನವೂ ನರಳಲಿಲ್ಲ, ಒಂದು ಮಾತೂ ಆಡಲಿಲ್ಲ. ಅತ್ತೆ ಗಂಜಿಯ ಪಾತ್ರೆಯ ಕತೆ ಹೇಳಿ ಅತ್ತರು. ಅಕ್ಕನ ಮಗಳು ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಒಬ್ಬ ಹೆಂಗಸು ಅವಳ ಗಲ್ಲ ಹಿಡಿದು, "ನೀನೂ ಅಮ್ಮನ ಹಾಗೇ ಆಗಬೇಕು" ಎಂದಳು.

ನಮ್ಮ ಪತ್ರಿಕೆಯಲ್ಲಿ ಹಾಕಲು ಭಾವ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟ. ಕೊನೆಯ ಸಾಲು, ನೋವನ್ನು ಕೊನೆಯವರೆಗೂ ನಗುನಗುತ್ತಾ ಸಹಿಸಿದ ಸಾಧ್ವಿ. ಕೊಚ್ಚಿಗೆ ಬಂದು ಹೆಸರು, ವಯಸ್ಸು, ಊರು, ಗಂಡ, ಮಗಳು ಇಷ್ಟನ್ನು ಉಳಿಸಿ ಕೊನೆಯ ಸಾಲು ಹೊಡೆದುಹಾಕಿದೆ.

ಭಾವ ಆಫೀಸಿನಿಂದ ಫೋನ್ ಮಾಡಿದ. "ಅವಳ ಸಹನೆಯ ಬಗ್ಗೆ ಒಂದು ಮಾತೂ ಬರ್ಲಿಲ್ಲವಲ್ಲ?"

"ಜಾಗ ಸಾಲಲಿಲ್ಲ" ಎಂದೆ.

ಪತ್ರಿಕೆ ನನ್ನ ಮೇಜಿನ ಮೇಲೆಯೇ ಇತ್ತು. ಅವಳ ಸುದ್ದಿಯ ಕೆಳಗೆ ಉಳಿದ ಜಾಗಕ್ಕೆ ಚಹಾಪುಡಿಯ ಜಾಹೀರಾತು ತುಂಬಿದ್ದರು.