ಕಚ್ಚಾ ಹೊಲಿಗೆಯ ಪರದೆ

ನಮ್ಮಕ್ಕ ದರ್ಜಿ. ಇಪ್ಪತ್ತೆಂಟು ವರ್ಷದಿಂದ ಅದೇ ಕಿಟಕಿಯ ಪಕ್ಕ, ಅದೇ ಮಷೀನಿನ ಮುಂದೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಾಳೆ. ಬಾಗಿಲಲ್ಲಿ ನಿಂತವರ ಅಳತೆಯನ್ನು ಟೇಪು ಹಿಡಿಯುವ ಮೊದಲೇ ಹೇಳಿಬಿಡುತ್ತಾಳೆ. ಹೊಟ್ಟೆ ಒಳಗೆಳೆದುಕೊಂಡವರಿಗೆ ಉಸಿರು ಬಿಡಿ ಎಂದು ಗದರುತ್ತಾಳೆ. ತಂಗಿಯಾದ ನನಗೆ ಅವಳ ಮೇಲಿರುವ ಹೆಮ್ಮೆಗಿಂತ ಸಿಟ್ಟೇ ಒಂದು ಗುಲಗಂಜಿ ಜಾಸ್ತಿ. ಅದಕ್ಕೆ ಕಾರಣ ಇದೆ.

ಮೂರು ವರ್ಷದ ಹಿಂದೆ ಅವಳ ಒಂದೇ ಕೂಸು, ನಾವೆಲ್ಲ ಗಂಡೆಂದು ಬೆಳೆಸಿದ್ದು, ತಾನು ಹೆಣ್ಣು, ಇನ್ನು ಹೆಣ್ಣಾಗಿಯೇ ಬದುಕುತ್ತೇನೆ ಎಂದಿತು. ತಾನು ಹೆತ್ತದ್ದು ಮಗನನ್ನು ಎಂದು ಹೇಳಿದ ಅಕ್ಕ ಅವತ್ತಿನಿಂದ ಆ ಕೂಸಿನ ಜೊತೆ ಮಾತೇ ಬಿಟ್ಟಳು. ಮಗಳು ಎರಡು ಬೀದಿ ಆಚೆ ಕೋಣೆ ಹಿಡಿದು, ಪಾರ್ಲರಿನಲ್ಲಿ ಕೂದಲು ಕತ್ತರಿಸುವ ಕೆಲಸಕ್ಕೆ ಸೇರಿದಳು.

ತಮಾಷೆಯೆಂದರೆ ಇಬ್ಬರೂ ಬರುವುದು ಒಂದೇ ಚರ್ಚಿಗೆ. ಯಾರನ್ನೂ ಹೊರಗಿಡದ ಸಭೆ ನಮ್ಮದು. ಮುಂದಿನ ಬೆಂಚಿನಲ್ಲಿ ಜೋಡಿಯಾಗಿ ಬಾಳುತ್ತಿರುವ ಬೇಕರಿಯ ಇಬ್ಬರು ಗಂಡಸರು, ಪಕ್ಕದಲ್ಲಿ ಗಾಲಿಕುರ್ಚಿಯ ಮೇಷ್ಟರು, ಹಿಂದೆ ದೇವರಿದ್ದಾನೋ ಇಲ್ಲವೋ ಎಂದು ಇನ್ನೂ ತೀರ್ಮಾನಿಸದ ಪ್ಲಂಬರು. ಎಲ್ಲರ ಬಟ್ಟೆಯನ್ನೂ ಅಕ್ಕ ನಗುನಗುತ್ತಲೇ ಹೊಲಿದುಕೊಡುತ್ತಾಳೆ. ಮಗಳು ಸಂಜೆಯ ಆರಾಧನೆಗೆ ಬರುತ್ತಾಳೆಂದು ಗೊತ್ತಾದ ಮೇಲೆ ತಾನು ಮಾತ್ರ ಬೆಳಗಿನದಕ್ಕೇ ಅಂಟಿಕೊಂಡಳು.

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ನಾವು ಶಿಲುಬೆಯ ಮುಂದೆ ಪರದೆ ಕಟ್ಟುತ್ತೇವೆ. ತೊಟ್ಟು ಹಳತಾದ ಬಟ್ಟೆಯ ಒಂದು ತುಂಡಿಗೆ ಹೆಸರಿನ ಚೀಟಿ ಚುಚ್ಚಿ ಎಲ್ಲರೂ ಬುಟ್ಟಿಗೆ ಹಾಕಬೇಕು. ಅವನ್ನು ಜೋಡಿಸಿ ಅಕ್ಕ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕುತ್ತಾಳೆ, ಅಂದರೆ ದಾರ ಎಳೆದರೆ ಬಿಚ್ಚಿಕೊಳ್ಳುವ ಉದ್ದುದ್ದ ಹೊಲಿಗೆ. ಈಸ್ಟರ್ ಬೆಳಿಗ್ಗೆ ಒಬ್ಬೊಬ್ಬರೇ ಬಂದು ದಾರ ಎಳೆದು ತಮ್ಮ ತುಂಡು ತೆಗೆದುಕೊಂಡಂತೆ ಶಿಲುಬೆ ಕಾಣುತ್ತಾ ಹೋಗುತ್ತದೆ.

ಈ ವರ್ಷ ಪರದೆಯ ನಡುವೆ ಗೇಣಗಲದ ತೂತಿತ್ತು. ಅಳತೆ ತಪ್ಪಿತು ಎಂದಳು ಅಕ್ಕ. ಅವಳ ಅಳತೆ ತಪ್ಪಿದ್ದನ್ನು ನಾನಂತೂ ಕಂಡಿಲ್ಲ. ಅಂಗಡಿಗೆ ಹೋಗಿ ಮಷೀನಿನ ಡ್ರಾಯರ್ ಎಳೆದೆ. ಒಳಗೆ ಹಸಿರು ಬಟ್ಟೆಯ ತುಂಡು, ಮಗಳ ಮೊದಲ ಸ್ಕರ್ಟಿನದು. ನಾನೇ ಜೊತೆಗೆ ಹೋಗಿ ಕೊಡಿಸಿದ್ದೆ. ಚೀಟಿಯಲ್ಲಿ ಅವಳು ತಾನೇ ಇಟ್ಟುಕೊಂಡ ಹೊಸ ಹೆಸರು. ಇದನ್ನು ಹೊಲಿಯದಿದ್ದರೆ ನಿನ್ನ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ ಬಂದೆ.

ಬೇಕರಿಯವರು ಬೇರೆ ತುಂಡು ತಂದರು. ಪಾಸ್ಟರಮ್ಮ ಬೇಡವೆಂದರು, ಬಿಟ್ಟವರೇ ಮುಚ್ಚಲಿ ಎಂದರು. ಅಕ್ಕ ಪ್ರತಿ ಭಾನುವಾರ ಆ ತೂತಿನ ಎದುರೇ ಕೂತು ಪ್ರಾರ್ಥಿಸಬೇಕಾಯಿತು. ಐದನೆಯ ವಾರ ಹಾಡಿನ ನಡುವೆ ಅವಳ ದನಿ ನಿಂತೇಹೋಯಿತು. ನನ್ನ ಸಿಟ್ಟೆಲ್ಲ ಇಳಿದು ಪಾಪ ಅನ್ನಿಸಿತು. ಮರುದಿನ ಪರದೆ ಇಳಿಸಿಕೊಂಡು ಅಂಗಡಿಗೆ ಹೊತ್ತೊಯ್ದಳು. ಮುಂದಿನ ಭಾನುವಾರ ನೋಡಿದರೆ ಅಕ್ಕನ ನೀಲಿ ತುಂಡಿನ ಪಕ್ಕದಲ್ಲಿ ಹಸಿರು ತುಂಡು ಕೂತಿತ್ತು.

ಈಸ್ಟರಿಗೆ ಎಲ್ಲರಿಗೂ ಒಂದೇ ಆರಾಧನೆ. ಮಗಳು ಬಂದು ಹಿಂದಿನ ಗೋಡೆಗೆ ಒರಗಿ ನಿಂತಳು. ಜನ ದಾರ ಎಳೆದು ತುಂಡು ಮಡಚಿಕೊಂಡು ಹೋದರು. ಕೊನೆಗೆ ಉಳಿದದ್ದು ಆ ಎರಡೇ. ಮಗಳು ತನ್ನದಕ್ಕೆ ಕೈ ಹಾಕಿದಳು. ಮೂರು ಬದಿ ಆಗಲೇ ಬಿಚ್ಚಿಕೊಂಡಿತ್ತು, ಅಕ್ಕನ ತುಂಡಿಗೆ ಸೇರಿದ ನಾಲ್ಕನೆಯದು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ತಿರುಗಿಸಿದರೆ ಅಲ್ಲಿ ಮಷೀನಿನ ಹೊಲಿಗೆ, ಅದೂ ಎರಡೆರಡು ಸಾಲು. ಬಟ್ಟೆಯ ಇನ್ನೊಂದು ತುದಿ ಅಕ್ಕನ ಕೈಯಲ್ಲಿತ್ತು.

"ಇದು ಬರ್ತಿಲ್ಲ," ಎಂದಳು ಮಗಳು, ತಲೆ ಎತ್ತದೆ. "ಬ್ಯಾಗಲ್ಲಿ ಕತ್ತರಿ ಇದೆ. ಕತ್ತರಿಸ್ಲಾ?"

ಅಕ್ಕ ಚೀಟಿಯಲ್ಲಿದ್ದ ಹೆಸರು ಹಿಡಿದು ಅವಳನ್ನು ಕರೆದಳು. ಮೊದಲ ಸಲ, ನಾಲಿಗೆ ತಡವರಿಸಿತು.

"ಬೇಡಮ್ಮ," ಎಂದಳು. "ಬಿಚ್ಚಬಾರದು ಅಂತಾನೇ ಹೊಲಿದಿದ್ದು. ಹೀಗೇ ಹಿಡ್ಕೊಂಡು ಮನೆಗೆ ಹೋಗೋಣ, ಬಾ."

ಮಗಳು ಬಟ್ಟೆ ಬಿಡಲಿಲ್ಲ. ಇಬ್ಬರೂ ಹಾಗೆಯೇ ಬೆಂಚುಗಳ ನಡುವೆ ನಡೆದು ಬಂದರು. ಚರ್ಚಿನ ಬಾಗಿಲು ಕಿರಿದು, ಒಬ್ಬರ ಹಿಂದೆ ಒಬ್ಬರು ದಾಟಬೇಕು. ಅಕ್ಕ ಮಗಳನ್ನು ಮುಂದೆ ಬಿಟ್ಟಳು.