ನಾಲ್ಕು ಸೀಲ್ ನುಂಗಿದ ಗೇರ್‌ಬಾಕ್ಸ್

ನಮ್ಮಕ್ಕನಿಗೆ ಯಂತ್ರಗಳ ಜೊತೆ ಮಾತಾಡುವ ಚಟವಿದೆ. ಮನುಷ್ಯರಿಗಿಂತ ಅವೇ ವಾಸಿ, ಸುಳ್ಳು ಹೇಳುವುದಿಲ್ಲ ಅನ್ನುತ್ತಾಳೆ. ಈ ದೊಡ್ಡ ಉದ್ಯಾನಕ್ಕೆ ಅವಳು ಬಂದದ್ದು ಕಳೆ ಕೀಳುವ ಕೂಲಿಯವಳಾಗಿ. ಒಂದು ದಿನ ಹುಲ್ಲು ಕತ್ತರಿಸುವ ಯಂತ್ರ ನಡುಬಯಲಿನಲ್ಲಿ ಕೈಕೊಟ್ಟು, ಗಂಡಸರೆಲ್ಲ ಸುತ್ತ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ, ಇವಳು ಹೇರ್‌ಪಿನ್ ಕಿತ್ತು ಪೆಟ್ರೋಲ್ ಬರುವ ತೂತಿನ ಕಸ ಎಳೆದುಹಾಕಿದಳಂತೆ. ಹಳೇ ಮೇಸ್ತ್ರಿ ಮರುದಿನವೇ ಅವಳನ್ನು ವರ್ಕ್‌ಶಾಪಿಗೆ ಕರೆಸಿಕೊಂಡರು. ಅದಾಗಿ ಮೂವತ್ತು ವರ್ಷ. ಈಗ ತಗಡಿನ ಮಾಡಿನ ಆ ಶೆಡ್ಡಿಗೆ ಅವಳೇ ಮೇಸ್ತ್ರಿ. ನಾನು ಅವಳ ತಮ್ಮ, ಅಲ್ಲೇ ಟ್ರ್ಯಾಕ್ಟರ್ ಓಡಿಸುವವನು. ಎಲ್ಲರಿಗೂ ಅವಳು ಸ್ಪ್ಯಾನರಕ್ಕ. ನನಗೆ ಮಾತ್ರ ದಿನಕ್ಕೆ ಮೂರು ಹೊತ್ತು ಬೈಯುವ ಅಕ್ಕ.

ಇಂಥವಳಿಗೆ ಒಂದು ಗೇರ್‌ಬಾಕ್ಸ್ ನಾಲ್ಕು ತಿಂಗಳು ನೀರು ಕುಡಿಸಿತು. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ಹುಲ್ಲಿನ ಯಂತ್ರದ ನೆತ್ತಿಯ ಮೇಲೆ ಆ ಗೇರ್‌ಬಾಕ್ಸ್ ಇದೆ. ಅದರಿಂದ ಕೆಳಗಿನ ಬ್ಲೇಡಿಗೆ ಒಂದು ಶಾಫ್ಟ್ ಇಳಿಯುತ್ತದೆ. ಶಾಫ್ಟ್ ಹೊರಬರುವ ಕಡೆ ಆಯಿಲ್ ಇಳಿಯದಂತೆ ರಬ್ಬರಿನ ಸೀಲ್ ಕೂತಿರುತ್ತದೆ. ಸೋರುತ್ತಿದ್ದದ್ದು ಅಲ್ಲಿಂದಲೇ. ನಾನು ಹೋದ ದಾರಿಯುದ್ದಕ್ಕೂ ಹಸುರಿನ ಮೇಲೆ ಕಪ್ಪು ಚುಕ್ಕೆ, ವಾರ ಕಳೆಯುವಷ್ಟರಲ್ಲಿ ಅಲ್ಲಿನ ಹುಲ್ಲು ಸುಟ್ಟು ಕಂದು. ಅಕ್ಕ ಸೀಲ್ ಬದಲಿಸಿದಳು. ಬೆಳಗಿನ ಸುತ್ತು ಸರಿಯಿತ್ತು, ಮಧ್ಯಾಹ್ನಕ್ಕೆ ಮತ್ತೆ ತೊಟ್ಟು. ಇನ್ನೊಂದು ಹಾಕಿದಳು. ಮೂರನೆಯದಕ್ಕೆ ಶಾಫ್ಟನ್ನೇ ನುಣ್ಣಗೆ ಉಜ್ಜಿದಳು, ನಾಲ್ಕನೆಯದಕ್ಕೆ ಬೇರೆ ಕಂಪನಿಯ ಸೀಲ್ ತರಿಸಿದಳು. ನಾಯಿ ಬಾಲ ಡೊಂಕೇ.

ನಾಲ್ಕನೆಯದೂ ಸೋರಿದ ದಿನ ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಕೈ ಕೆಟ್ಟೋಗಿದೆ ಅಕ್ಕ. ಸೀಲ್ ಸೊಟ್ಟ ಕೂರಿಸ್ತಿದೀಯ," ಅಂದುಬಿಟ್ಟೆ. ಎಲುಬಿಲ್ಲದ ನಾಲಿಗೆ ನೋಡಿ.

ಅವಳು ತಿರುಗಿ ಬೈಯಲಿಲ್ಲ. ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು. "ನಂಗೂ ಹಾಗೇ ಅನ್ಸುತ್ತೆ ಕಣೋ," ಅಂದಳು. ಅವಳು ಕಪಾಳಕ್ಕೆ ಬಿಗಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಉದ್ಯಾನದ ಸಾಹೇಬರು ಸುಟ್ಟ ಹುಲ್ಲು ನೋಡಿ ಶೆಡ್ಡಿಗೆ ಬಂದರು. "ಶುಕ್ರವಾರ ನನ್ನೆದುರಿಗೆ ಒಂದು ಗಂಟೆ ಓಡ್ಸಿ. ಒಂದು ತೊಟ್ಟು ಬಿದ್ರೂ ರಿಪೇರಿಯೆಲ್ಲ ಹೊರಗಿನವರಿಗೆ ಕೊಡ್ತೀನಿ. ನೀವು ನರ್ಸರಿಗೆ ಹೋಗಿ ಅಮ್ಮ, ಕುಂಡ ತುಂಬೋಕೆ ಜನ ಬೇಕು."

ಕುಂಡ ತುಂಬುವುದೇನು ಕೀಳು ಕೆಲಸವಲ್ಲ. ಆದರೆ ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವಳಿಗೆ ಅದು 'ನಿನ್ನ ಕಾಲ ಮುಗಿಯಿತು' ಎಂದು ಮುಖದ ಮೇಲೆ ಹೇಳಿದ ಹಾಗೆ.

ಗುರುವಾರ ಬೆಳಿಗ್ಗೆ ಅಕ್ಕ ಹೇಳಿದಳು: "ಐದನೇ ಸೀಲ್ ಹಾಕಲ್ಲ. ನಿನ್ನ ಹೆಂಡ್ತಿ ಪೌಡರ್ ಡಬ್ಬಿ ತಗೊಂಬಾ."

ಗೇರ್‌ಬಾಕ್ಸನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, ಮದುಮಗಳಿಗೆ ಬಳಿದಂತೆ ಪೌಡರ್ ಬಳಿದಳು. ಆಯಿಲ್ ಎಲ್ಲಿ ಇಣುಕಿದರೂ ಗೆರೆ ಬೀಳಬೇಕು. ನಾನು ಟ್ರ್ಯಾಕ್ಟರ್ ಚಾಲೂ ಮಾಡಿದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಒಂದು ಗೆರೆಯಿಲ್ಲ. ಅರ್ಧ ಗಂಟೆಗೆ ಗೇರ್‌ಬಾಕ್ಸ್ ಕೈಯಿಡಲಾಗದಷ್ಟು ಬಿಸಿಯಾಯಿತು. ಶಾಫ್ಟಿನ ಬುಡದಲ್ಲಿ ಸಣ್ಣಗೆ ಒದ್ದೆ ಗೆರೆ ಮೂಡಿತು.

"ಬಿಸಿಯಾದ್ಮೇಲೆ ಮಾತ್ರ ಯಾಕೆ ಅಳ್ತೀಯೆ?" ಎಂದು ಅಕ್ಕ ಯಂತ್ರವನ್ನೇ ಕೇಳಿದಳು. ನನಗೆ ಇಂಜಿನ್ ನಿಲ್ಲಿಸಲು ಹೇಳಿ, ಮೇಲೆ ಆಯಿಲ್ ಹಾಕುವ ಬಿರಡೆಗೆ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ತಿರುಗಿಸಿದಳು.

ಬುಸ್ಸೆಂದು ಗಾಳಿ ಹೊರಬಂತು. ಕೆಳಗೆ ಒಂದು ತೊಟ್ಟು ಜೋತಾಡುತ್ತಿತ್ತು. ಅದರ ಹಿಂದೆ ಇನ್ನೊಂದು ಬರಲಿಲ್ಲ. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಇಲ್ಲ, ಬರಲಿಲ್ಲ.

"ಇದಕ್ಕೆ ಉಸಿರು ಕಟ್ಟಿದೆ ಕಣೋ," ಅಂದಳು ಅಕ್ಕ. "ಬಿಸಿಗೆ ಒಳಗಿನ ಗಾಳಿ ಉಬ್ಬುತ್ತೆ. ಹೋಗೋಕೆ ದಾರಿ ಇಲ್ದೆ ಆಯಿಲ್‌ನ ಸೀಲ್ ಸಂದಿಂದ ಆಚೆ ದಬ್ಬುತ್ತೆ. ಗಾಳಿಗೆ ಎಲ್ಲೋ ಒಂದು ತೂತು ಇರ್ಲೇಬೇಕು."

ಹಳೆಯ ಯಂತ್ರಕ್ಕೆ ಗಾಳಿ ಹೋಗಲು ಎದ್ದುಕಾಣುವ ಬಾಗಿದ ಕೊಳವೆಯಿತ್ತು. ಹೋದ ವರ್ಷ ಬಂದ ಈ ಹೊಸದಕ್ಕೆ ಅಂಥದ್ದೇನೂ ಕಾಣುತ್ತಿರಲಿಲ್ಲ. ಗೇರ್‌ಬಾಕ್ಸ್ ಆರಿದ ಮೇಲೆ ಅಕ್ಕ ಕಣ್ಣು ಮುಚ್ಚಿ ಅದರ ಮೈಮೇಲೆಲ್ಲ ಬೆರಳಾಡಿಸಿದಳು. ನಾವು ಬೋಲ್ಟಿನ ತಲೆ ಅಂದುಕೊಂಡಿದ್ದ ಒಂದು ಗುಬಟಿನ ಮೇಲೆ ಬೆರಳು ನಿಂತಿತು. ಚಾಕುವಿನಿಂದ ಕೆರೆದಳು. ದಪ್ಪ ಹಸಿರು ಬಣ್ಣ ಸಿಪ್ಪೆಯಂತೆ ಎದ್ದು, ಅಡಿಯಲ್ಲಿ ಹಿತ್ತಾಳೆಯ ಪುಟ್ಟ ಟೋಪಿ, ಅದರಲ್ಲಿ ಸೂಜಿ ತೂರುವಷ್ಟು ತೂತು, ಅದರೊಳಗೂ ಬಣ್ಣ ಕಟ್ಟಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನಾಲ್ಕು ತಿಂಗಳು ನಾವು ಪಾಪದ ಸೀಲುಗಳನ್ನು ಬಲಿ ಕೊಟ್ಟಿದ್ದೆವು. ಖುಷಿಗೆ ನಾನು ಶೆಡ್ಡಿನ ತುಂಬ ಕುಣಿದೆ.

ಕುಣಿಯುತ್ತಲೇ ಆ ಬಣ್ಣದ ಸಿಪ್ಪೆ ಕಣ್ಣಿಗೆ ಬಿತ್ತು. ನಾಲ್ಕು ತಿಂಗಳ ಹಿಂದೆ ತಪಾಸಣೆಯಿತ್ತು. ಪ್ರತಿ ಸಲದಂತೆ ಯಂತ್ರ ಮಿಂಚಬೇಕೆಂದು ನಾನೇ ಬ್ರಷ್ ಹಿಡಿದು, ಒಂದು ಮೂಲೆಯನ್ನೂ ಬಿಡದೆ ಎರಡು ಕೋಟು ಬಳಿದಿದ್ದೆ. ಸಾಹೇಬರು ಬೆನ್ನು ತಟ್ಟಿದ್ದರು.

"ಯಾರೋ ಮನಸಿಟ್ಟು ಬಳಿದಿದಾರೆ," ಅಂದಳು ಅಕ್ಕ, ಸೂಜಿಯಿಂದ ತೂತು ಬಿಡಿಸುತ್ತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ನಾನು ಕೈಯ ಬಣ್ಣ ಹುಡುಕಿಕೊಂಡೆ.

ಶುಕ್ರವಾರ ಅಕ್ಕ ಮತ್ತೆ ಪೌಡರ್ ಬಳಿದಳು, ನಾನು ಒಂದು ಗಂಟೆಯಲ್ಲ, ಎರಡು ಗಂಟೆ ಓಡಿಸಿದೆ. ಸಾಹೇಬರು ಮಂಡಿಯೂರಿ, ಬಿಳಿ ಕರ್ಚೀಫಿನಿಂದ ಶಾಫ್ಟಿನ ಬುಡ ಒರೆಸಿದರು. ಕರ್ಚೀಫಿಗೆ ಒಂದಿಷ್ಟು ಪೌಡರ್ ಹತ್ತಿತು, ಅಷ್ಟೇ.

"ಏನಾಗಿತ್ತು?"

"ಗಾಳಿ ಹೋಗೋ ತೂತು ಮುಚ್ಚೋಗಿತ್ತು ಸರ್, ಬಿಡಿಸ್ದೆ."

"ಹೇಗೆ ಮುಚ್ಚಿತು?"

ಅಕ್ಕ ಬಗ್ಗಿ ಸ್ಪ್ಯಾನರುಗಳನ್ನು ಎತ್ತಿಡತೊಡಗಿದಳು. ನಾನು ಸೀಟಿನಿಂದ ಇಳಿದೆ. "ಬಣ್ಣ ಬಳಿದು ಮುಚ್ಚಿದ್ದು ನಾನು ಸರ್. ಅಕ್ಕನ ಕೈ ಕೆಟ್ಟಿದೆ ಅಂದಿದ್ದೂ ನಾನೇ."

ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಕ್ಕನ ಕಡೆ ತಿರುಗಿದರು. "ಅಂದ್ರೆ ಅಷ್ಟು ಸೀಲೂ ಸರಿಯಾಗೇ ಕೂತಿದ್ವಾ ಅಮ್ಮ?"

"ನಾಲ್ಕೂ ಸರಿಯಾಗೇ ಕೂತಿದ್ವು ಸರ್," ಅಂದಳು ಅಕ್ಕ, ನನ್ನನ್ನೇ ನೋಡುತ್ತ.